ಹಸಿ ತೊಗಲಿನ ಮುಂದೆ ಕುಳಿತ ಮಧ್ಯಾಹ್ನ

ಕೃಷ್ಣೆಯು ತನ್ನ ವೇಗವನ್ನೇ ಮರೆತು ತೂಕಡಿಸುತ್ತ ತಿರುಗುವ ತಾಣ ಕಲ್ಲಮಡು. ಅಲ್ಲಿಯ ದಂಡೆಯ ಮೇಲೊಂದು ಹೊಂಗೆಯ ಮರ, ಮರದ ಬುಡಕ್ಕೆ ಜೋಳದ ದಂಟಿನ ಗುಡಿಸಲು. ಪರಮಪೂಜ್ಯ ಮರುಳಶಾಂತಯ್ಯನವರು ಆ ವರುಷದ ಬೇಸಗೆಯನ್ನು ಆ ಗುಡಿಸಲಲ್ಲೇ ಕಳೆದರು. ಹೊದೆಯಲೊಂದು ಕಂಬಳಿ, ಕುಡಿಯಲೊಂದು ತಂಬಿಗೆ, ಎದೆಯ ಮೇಲೆ ಇಷ್ಟಲಿಂಗ. ಅವರ ಸಂಸಾರವೆಂದರೆ ಅಷ್ಟೇ. ಊರವರು ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು. "ಅಜ್ಜಾರಕಿಂತಾ ಹೊಳೀನ ಹೆಚ್ಚ ಮಾತಾಡತೈತಿ" ಎಂದು ಪ್ರೀತಿಯಿಂದ ನಗುತ್ತಲೂ ಇದ್ದರು.

ಆ ದಂಡೆಯ ಅಂಬಿಗ ಭರಮಪ್ಪ. ಸೊಕ್ಕಿದ ಹೊಳೆಗೆ ಹರಿಗೋಲು ಇಳಿಸಿ, ಹಾಡು ಹೇಳುತ್ತ ಆಚೆ ಮುಟ್ಟುವ ಗಂಡೆದೆಯವನು. ಆದರೆ ಕುಳಿತು ಮಾಡುವ ಕೆಲಸವೆಂದರೆ ಅವನಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಹರಿಗೋಲಿನ ಬಿದಿರ ಬುಟ್ಟಿಗೆ ಎಮ್ಮೆಯ ತೊಗಲುಗಳನ್ನು ಕೂಡಿಸಿ ಹೊಲಿದು ಹೊದಿಸಬೇಕು. ನೆನೆದ ತೊಗಲು ನಾರುತ್ತದೆ, ಬಾರು ಬೆರಳು ಕೊಯ್ಯುತ್ತದೆ, ಒಂದು ಹೊಲಿಗೆ ಸಡಿಲಾದರೂ ನೀರು ಒಳಗೆ ಬರುತ್ತದೆ. ಹಳೆಯ ತೊಗಲು ಹಪ್ಪಳದಂತೆ ಬಿರಿದಿತ್ತು. ಹೊಸ ತೊಗಲು ತಂದು ಹೊಂಗೆಯ ಮರದಡಿ ನೆನೆಹಾಕಿದ್ದ. ಕೇಳಿದವರಿಗೆಲ್ಲ "ನಾಳೆ" ಎನ್ನುತ್ತಿದ್ದ.

ಆ ನಾಳೆಗಳು ಮುಗಿಯುತ್ತ ಬಂದಿದ್ದವು. ಅವನ ಒಬ್ಬಳೇ ಮಗಳು ಲಗಮವ್ವ ಆಚೆ ದಂಡೆಯ ಊರಿನಲ್ಲಿ ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನದು. ಅತ್ತೆ ತೀರಿಹೋದ ಆ ಮನೆಯಲ್ಲಿ ಹೆಣ್ಣುದಿಕ್ಕೂ ಇರಲಿಲ್ಲ. ಘಟ್ಟದಲ್ಲಿ ಮಳೆ ಹಿಡಿದ ಸುದ್ದಿ ಆಗಲೇ ಬಂದಿತ್ತು. ಹೊಳೆ ಏರಿದ ಮೇಲೆ ಆ ಹಳೆಯ ಹರಿಗೋಲಿನಲ್ಲಿ ಬಸುರಿಯನ್ನು ಕೂರಿಸುವುದೆಂದರೆ ಅವಳನ್ನು ನೀರಿಗೆ ಕೊಟ್ಟಂತೆಯೇ ಸರಿ.

"ಹೊಳಿಗೆ ಅಂಜದಾಂವ ದಬ್ಬಣಕ್ಕ ಅಂಜತಾನ ನೋಡ್ರೆ ನಮ್ಮಾಂವ! ಮಗಳನ್ನ ಜರಡಿಯಾಗ ಕುಂಡ್ರಿಸಿಕೊಂಡ ಬರತಾನಂತ!" ಎಂದು ಹೆಂಡತಿ ದ್ಯಾಮವ್ವ ಬಟ್ಟೆ ಒಗೆಯುವ ಹೆಂಗಸರ ಮುಂದೆಯೇ ಹಂಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಭರಮಪ್ಪ ಅಜ್ಜಾರ ಮುಂದೆ ಬಂದು ಕೈಮುಗಿದು ನಿಂತ. "ಯಪ್ಪಾ, ಒಂಚೂರು ಭಸ್ಮ ಮಂತ್ರಿಸಿ ಕೊಡ್ರಿ. ಹರಿಗೋಲಿಗೆ ಕಟ್ಟತೀನಿ. ಹಳೇ ತೊಗಲ ಇನ್ನೊಂದ ಸಲ ತಡದ್ರ ಸಾಕು, ಮಗಳನ್ನ ಕರಕೊಂಡ ಬರತೀನಿ."

"ಹೊಸಾದು?" ಎಂದರು ಅಜ್ಜಾರು.

"ನೆನದೈತ್ರಿ. ಅದರ ಮುಂದ ಕುಂತ್ರ ನನಗ ಮೈಯೆಲ್ಲಾ ಉರೀತೈತಿ, ಏನ ಮಾಡ್ಲಿ?"

ಅಜ್ಜಾರು ಮೇಲೆದ್ದರು. ಭಸ್ಮದ ಚೀಲಕ್ಕೆ ಕೈಹಾಕಲಿಲ್ಲ. ನೆಟ್ಟಗೆ ಹೋಗಿ, ಆ ನಾರುವ ತೊಗಲಿನ ಮುಂದೆ ಬರಿಯ ಮಣ್ಣಿನಲ್ಲಿ ಕುಳಿತುಬಿಟ್ಟರು. ಪೂಜೆಗೆ ಕುಳಿತಾಗ ಇರುತ್ತಿದ್ದ ಅದೇ ಶಾಂತಿ ಮುಖದ ಮೇಲೆ. ಭರಮಪ್ಪನನ್ನು ಕೈಸನ್ನೆಯಿಂದ ಪಕ್ಕಕ್ಕೆ ಕರೆದರು.

"ಹೊಲೀಬ್ಯಾಡ," ಎಂದರು. "ಏಳಬ್ಯಾಡ."

ಭರಮಪ್ಪನಿಗೆ ಒಳಗೊಳಗೇ ನಗು ಬಂತು. ಕುಳಿತುಕೊಳ್ಳುವುದೂ ಒಂದು ಕೆಲಸವೇ? ಆದರೆ ಎಲೆ ಅಲುಗುವಷ್ಟರಲ್ಲಿ ಬಾಯಿ ಒಣಗಿತು. ನೀರು ಕುಡಿದು ಬಂದರೆ ಚೆನ್ನ ಎನಿಸಿತು. ಬುಟ್ಟಿ ಕಟ್ಟಿದ ಹಗ್ಗ ಬಿಚ್ಚಿಕೊಂಡಿತೇನೋ, ನೋಡಿ ಬರಬೇಕು ಎನಿಸಿತು. ಬೆನ್ನು ತುರಿಸಿತು. ಅಷ್ಟರಲ್ಲಿ ಆಚೆ ದಂಡೆಯಿಂದ ಹೊಳೆ ದಾಟಬೇಕಾದವನೊಬ್ಬನ ಕೂಗು ಕೇಳಿಸಿತು.

"ಏ ಭರಮ್ಯಾ! ಸತ್ತೀಯೋ ಬದಕೀಯೋ? ಹಚ್ಚೋ ಹರಿಗೋಲ!"

ಬಡವನಿಗೆ ಪುಣ್ಯವೇ ಕೂಗಿ ಕರೆದಂತಾಯಿತು. ಅರ್ಧ ಎದ್ದ. "ಯಪ್ಪಾ, ಕಾಯಕ ಕರಿಯಾಕತ್ತೈತ್ರಿ."

ಅಜ್ಜಾರು ಹಸಿ ತೊಗಲಿನ ಮೇಲೆ ಅಂಗೈ ಇಟ್ಟರು. "ಇಲ್ಲೇ ಕುಂತೈತಲ್ಲೋ," ಎಂದರು.

ಅವನು ಮತ್ತೆ ಕುಳಿತ. ಕೂಗು ಇನ್ನಷ್ಟು ಏರಿ, ಬೈಗುಳವಾಗಿ, ಕೊನೆಗೆ ಬಿಸಿಲಿನಲ್ಲಿ ಕರಗಿಹೋಯಿತು. ಮಡುವಿನ ಮೇಲೆ ಬೆಳಕು ಹಾಲಿನ ಕೆನೆಯಂತೆ ಅಲುಗುತ್ತಿತ್ತು. ಏಳಬೇಕೆಂಬ ಆಸೆ ಬಂತು, ಮೈಯನ್ನೆಲ್ಲ ಎತ್ತಿತು, ಅವನು ಅಲುಗಲಿಲ್ಲ. ಅದು ಇಳಿದು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಅಲೆ ಬಂದಾಗ ಅದರ ಬೆನ್ನು ಹತ್ತಬಾರದು, ಅದರೊಡನೆ ಜಗಳಕ್ಕೂ ನಿಲ್ಲಬಾರದು, ತುಸು ತಾಳಿದರೆ ತಾನೇ ಅಡಿಯಿಂದ ಹಾದುಹೋಗುತ್ತದೆ. ಇದನ್ನು ಅವನು ಎಳವೆಯಿಂದಲೇ ಬಲ್ಲ. ಮನಸ್ಸಿನ ತೊರೆಯೂ ಅಂಥದೇ ಎಂಬುದು ಮಾತ್ರ ಈ ವರೆಗೆ ತಿಳಿದಿರಲಿಲ್ಲ.

ದಬ್ಬಣ ಯಾವಾಗ ಕೈಗೆ ಬಂತೋ ಅವನಿಗೆ ನೆನಪಿಲ್ಲ. ತೊಗಲು ಚುಚ್ಚಿಸಿಕೊಂಡಿತು, ಬಾರು ಹಾದುಹೋಯಿತು, ಗಂಟು ಕೂತಿತು. ಒಂದು ಹೊಲಿಗೆಯಾದ ಮೇಲೆ ಮುಂದಿನದು ತಾನಾಗಿಯೇ ಕರೆಯಿತು. ನಾತ ಎಲ್ಲಿಯೋ ದೂರ ಸರಿಯಿತು. ಕನಸಿನಲ್ಲಿ ಯಾರೋ ಹೊಲಿಯುತ್ತಿದ್ದಾರೆ, ತಾನು ಹೊಳೆಯಾಗಿ ಪಕ್ಕದಲ್ಲಿ ಹರಿಯುತ್ತಿದ್ದೇನೆ ಎನ್ನುವ ಹಾಗೆ. ತಲೆಯೆತ್ತಿದಾಗ ಹೊಂಗೆಯ ನೆರಳು ನೀರಿನ ತನಕ ಉದ್ದವಾಗಿತ್ತು. ಅಜ್ಜಾರು ಅರೆಗಣ್ಣು ಮುಚ್ಚಿ ಹಾಗೆಯೇ ಕುಳಿತಿದ್ದರು.

ಮರುದಿನ ಅಜ್ಜಾರು ಭಿಕ್ಷೆಗೆಂದು ಊರೊಳಗೆ ನಡೆದರು. ಭರಮಪ್ಪ ಒಬ್ಬನೇ ಬಂದು ಅದೇ ಜಾಗದಲ್ಲಿ ಕುಳಿತ. ಮೈ ಉರಿಯಿತು. ಉರಿಯಲಿ ಎಂದುಕೊಂಡು ದಬ್ಬಣ ಎತ್ತಿದ. ಕೊನೆಯ ಗಂಟು ಬಿಗಿದು, ತೊಗಲನ್ನು ಬುಟ್ಟಿಗೆಳೆದು, ಎಣ್ಣೆ ಸವರುವ ತನಕ ಅವನು ಆ ಕೆಲಸ ಬಿಟ್ಟು ಕದಲಲಿಲ್ಲ.

ಹೊಳೆಗೆ ಮಳೆಯ ಕೆಂಪು ನೀರು ಬಂದ ದಿನವೇ ಆಚೆ ದಂಡೆಗೆ ಹೋಗಿ, ಮಗಳನ್ನು ಕೂರಿಸಿಕೊಂಡು ಹೊರಟ. ನಡುಹೊಳೆಯಲ್ಲಿ ಮರದ ಬೊಡ್ಡೆಯೊಂದು ಕೆರಳಿದ ಕೋಣದಂತೆ ಬಂದು ಹರಿಗೋಲಿನ ಅಡಿಯನ್ನು ಕೆರೆದು ಹೋಯಿತು. ಭರಮಪ್ಪ ಉಸಿರು ಹಿಡಿದು ಕೆಳಗೆ ನೋಡಿದ.

"ಯಪ್ಪಾ," ಎಂದಳು ಲಗಮವ್ವ ಬೆರಗಾಗಿ, "ನನ್ನ ಸೀರಿ ಸೆರಗು ಸೈತ ತೊಯ್ದಿಲ್ಲೋ!"

ದಂಡೆಯಲ್ಲಿ ಅಜ್ಜಾರ ಪಾದಕ್ಕೆ ಬಿದ್ದು ಅವನು ಅತ್ತುಬಿಟ್ಟ. "ನೀವ ದಾಟಿಸಿದ್ರಿ ಯಪ್ಪಾ."

"ನಾ ಬರೇ ಕುಂತಿದ್ನೆಪಾ," ಎಂದರು ಆ ಕರುಣಾಳುಗಳು.

ಆ ವಾರವೇ ಲಗಮವ್ವನಿಗೆ ನೋವು ಹತ್ತಿತು. ಹೆರಿಗೆಯ ಹೊತ್ತಿನಲ್ಲಿ ಗಂಡಸರು ಕಿವಿ ಮುಚ್ಚಿಕೊಂಡು ಹೊಳೆಗೆ ಓಡುವುದು ಆ ಓಣಿಯ ವಾಡಿಕೆ. ಭರಮಪ್ಪ ಬಾಗಿಲ ಹೊರಗೆ ಗೋಡೆಗೆ ಬೆನ್ನುಕೊಟ್ಟು ಕುಳಿತ. ಒಳಗಿನ ಪ್ರತಿ ನರಳಿಕೆಗೂ ಅವನ ಕಾಲು ಓಡಲು ತವಕಿಸಿತು.

"ಯಪ್ಪಾ, ಅದೀಯೇನೋ?" ಎಂದು ಮಗಳು ಕೂಗುತ್ತಿದ್ದಳು.

"ಇಲ್ಲೇ ಅದೀನವಾ," ಎನ್ನುತ್ತಿದ್ದ ಅವನು.

ಕೂಸಿನ ಅಳು ಕೇಳುವ ವರೆಗೂ ಅವನು ಅಲ್ಲಿಯೇ ಇದ್ದ.