ನಡುಹೊಳೆಯ ಕಲ್ಲು

ಗುರುವಿನ ಆಶ್ರಮವೆಂದರೆ ಹೊಳೆಯ ದಂಡೆಯಲ್ಲಿ ಎರಡು ಗುಡಿಸಲು, ಹಾಲು ಕೊಡದ ಒಂದು ಹಸು, ಅಗತ್ಯಕ್ಕಿಂತ ಹೆಚ್ಚು ಮೌನ.

ಚನ್ನವೀರ ಬಂದ ದಿನವೇ ಹೇಳಿದ: "ಜನರ ಸೇವೆ ಮಾಡಬೇಕು ಅಂತ ಬಂದಿದ್ದೇನೆ, ಗುರುಗಳೇ."

"ಜನರನ್ನು ಕೇಳಿದ್ದೀಯಾ?"

ಕೇಳಿರಲಿಲ್ಲ. ಆದರೂ ಕೆಲಸ ತಾನಾಗಿ ಸಿಕ್ಕಿತು. ಆಚೆ ದಂಡೆಯ ಊರಿನ ದ್ಯಾಮವ್ವ ಸೊಪ್ಪು ಮಾರಲು ಈಚೆಯ ಪೇಟೆಗೆ ಬರಬೇಕು. ಹೊಳೆ ಮೊಣಕಾಲುದ್ದ, ತಳವೆಲ್ಲ ಪಾಚಿ. ಒಮ್ಮೆ ಜಾರಿ ಬಿದ್ದಿದ್ದಳು. ಅಂದಿನಿಂದ ಚನ್ನವೀರ ಬೆಳಿಗ್ಗೆ ಆಕೆಯನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ, ಸಂಜೆ ಹೊತ್ತು ಬಿಡುತ್ತಿದ್ದ.

ಬೆನ್ನೇರಿದ ಮುದುಕಿ ಬಾಯಿ ಮುಚ್ಚುತ್ತಿರಲಿಲ್ಲ.

"ನಮ್ಮ ಕೋಣ ನಿನಗಿಂತ ಮೆತ್ತಗೆ ನಡೀತಿತ್ತು, ಮಗನೇ."

"ಹಾಗಾದರೆ ಕೋಣವನ್ನೇ ಕರೀಬೇಕಿತ್ತು, ಅವ್ವಾ."

"ಅದು ಸತ್ತು ಹೋತಲ್ಲೋ. ಇಲ್ಲಾಂದ್ರ ನಿನ್ನ ಯಾರು ಕೇಳ್ತಿದ್ರು?"

ಚನ್ನವೀರನಿಗೆ ತಾಯಿಯ ಮುಖ ನೆನಪಿಲ್ಲ. 'ಮಗನೇ' ಎಂದು ಕರೆಯುವವರು ಬೇರೆ ಯಾರೂ ಇರಲಿಲ್ಲ.

ಆಕೆಯನ್ನು ಇಳಿಸಿ ಅಲ್ಲಿಂದಲೇ ತಿರುಗುತ್ತಿದ್ದ. ಆಚೆ ದಂಡೆಯಿಂದ ಮುಂದಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಹೊತ್ತು ತಂದವನಿಗೆ ಅಲ್ಲೇನು ಕೆಲಸ? ಈಚೆ ಬಂದು ಚಪ್ಪಟೆ ಕಲ್ಲೊಂದರ ಮೇಲೆ ಕೂತು, ಆಕೆಯ ಮನೆಯಿಂದ ಹೊಗೆ ಏಳುವುದನ್ನು ನೋಡುತ್ತಿದ್ದ. ಹೊಗೆ ಎಲ್ಲ ಮನೆಗಳಿಂದಲೂ ಏಳುತ್ತಿತ್ತು. ಆಕೆಯದು ಯಾವುದೆಂದು ಅವನೇ ತೀರ್ಮಾನಿಸಿಕೊಂಡಿದ್ದ.

ಒಂದು ದಿನ ಗುರು ಹೇಳಿದರು: "ಹೊಳೆಗೆ ಅಡ್ಡಲಾಗಿ ಕಲ್ಲು ಹಾಕು. ಕಾಲಿಟ್ಟು ದಾಟುವ ಹಾಗಿರಲಿ."

"ನಾನಿದ್ದೇನಲ್ಲ?"

"ಅದಕ್ಕೇ ಹೇಳಿದ್ದು."

ಚನ್ನವೀರ ಕಲ್ಲು ಹಾಕಿದ. ಅಲುಗಾಡದಂತೆ ಹಾಕಿದ. ನಡುಹೊಳೆಯಲ್ಲಿ ಮಾತ್ರ ಒಂದು ಕಲ್ಲಿನ ಜಾಗ ಖಾಲಿ ಬಿಟ್ಟ. ಹುಡುಗರಾದರೆ ಜಿಗಿಯಬಹುದು, ಮುದುಕಿ ಜಿಗಿಯಲಾರಳು. ಅವನು ಮೊದಲಿನಂತೆಯೇ ಆಕೆಯನ್ನು ಹೊತ್ತ.

ಸಂಜೆ ಗುರು ದಂಡೆಗೆ ಬಂದರು. ಚನ್ನವೀರ ತನ್ನ ಜಾಗದಲ್ಲಿ ಕೂತಿದ್ದ.

"ನಡುವೆ ಬಾಯಿ ಬಿಟ್ಟಿದೆಯಲ್ಲ?"

"ಅಲ್ಲಿಗೆ ಹೊಂದುವ ಕಲ್ಲು ಸಿಗಲಿಲ್ಲ, ಗುರುಗಳೇ."

"ಹುಡುಕಿದೆಯಾ?"

"ದಂಡೆಯೆಲ್ಲ ಹುಡುಕಿದೆ."

"ಸ್ವಲ್ಪ ಏಳು."

ಚನ್ನವೀರ ಎದ್ದ. ಇಬ್ಬರೂ ಅವನು ಕೂತಿದ್ದ ಕಲ್ಲನ್ನು ನೋಡಿದರು.

ಚನ್ನವೀರ ಹೇಳಿದ: "ತಾನೇ ದಾಟುವ ಹಾಗಾದರೆ ಆಕೆ ನನ್ನನ್ನು ಯಾಕೆ ಮಾತಾಡಿಸುತ್ತಾಳೆ?"

ಗುರು ಬಗ್ಗಿ ಕಲ್ಲಿನ ಒಂದು ಅಂಚು ಹಿಡಿದರು. ಅವರಿಗೆ ಸೊಂಟನೋವು, ಒಬ್ಬರೇ ಎತ್ತಲಾರರೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಎತ್ತಲು ಹೊರಟರು.

ಚನ್ನವೀರ ಇನ್ನೊಂದು ಅಂಚು ಹಿಡಿದ.

ಮರುದಿನ ದ್ಯಾಮವ್ವ ತಲೆಯ ಮೇಲೆ ಬುಟ್ಟಿ ಹೊತ್ತು ತಾನೇ ಬಂದಳು. ನಡುವಿನ ಕಲ್ಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅದು ಅಲುಗಲಿಲ್ಲ.

"ನಮ್ಮ ಕೋಣನ ಹಂಗ ನಿನಗೂ ಬಿಡುವಾತಲ್ಲೋ!" ಎಂದು ನಕ್ಕು ಪೇಟೆಯತ್ತ ನಡೆದಳು. 'ಮಗನೇ' ಎನ್ನಲು ಮರೆತಳು.

ಸಂಜೆ ಅದೇ ದಾರಿಯಲ್ಲಿ ಮರಳಿದಳು. ಕಾಲ ಕೆಳಗೆ ನೋಡಿಕೊಂಡು ದಾಟುತ್ತಿದ್ದವಳಿಗೆ ಹಿಂದಿರುಗಿ ನೋಡಲು ಆಗಲಿಲ್ಲ.

ಕೂರಲು ಕಲ್ಲಿರಲಿಲ್ಲ. ಚನ್ನವೀರ ನಿಂತೇ ನೋಡಿದ. ಆಚೆ ಹೊಗೆ ಎದ್ದಿತು.

ಆಶ್ರಮಕ್ಕೆ ಬಂದ. ಗುರು ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ಆಕೆ ಮನೆ ಸೇರಿದಳು," ಎಂದ. "ನಾನಿನ್ನು ಏನು ಮಾಡಲಿ?"

ಗುರು ತಲೆ ಎತ್ತಲಿಲ್ಲ.

"ಆ ಕಲ್ಲುಗಳು ನಿನ್ನ ಭಾರ ತಡೆಯುವುದಿಲ್ಲವೇನು?"