ಖಡ್ಗದ ಕುಂಕುಮ

ಹಳೆಯ ಆಯುಧಗಳನ್ನು ಕೂಡಿಡುವ ಚೆಲುವರಾಜ ಅರಸರು ಆಯುಧಪೂಜೆಯ ದಿನ ಗಾಜಿನ ಪೆಟ್ಟಿಗೆಯಿಂದ ಖಡ್ಗವನ್ನು ತೆಗೆದು, ಹುಲ್ಲು ಕೊಯ್ಯುವ ಕುಡುಗೋಲಿನ ಪಕ್ಕದಲ್ಲಿಟ್ಟು, ಎರಡಕ್ಕೂ ಕುಂಕುಮ ಹಚ್ಚಿದರು. ಕುಡುಗೋಲು ಹಿಗ್ಗುವುದನ್ನು ಕಂಡು ಖಡ್ಗಕ್ಕೆ ಕುತೂಹಲವಾಯಿತು.

"ಏನಯ್ಯಾ, ಇಷ್ಟೊಂದು ಸಂತೋಷ?"

"ಇವತ್ತು ನನ್ನನ್ನು ಯಾರೂ ಕೆಲಸಕ್ಕೆ ಮುಟ್ಟುವುದಿಲ್ಲ, ಒಡೆಯಾ. ವರ್ಷಕ್ಕೆ ಇದೊಂದೇ ರಜೆ."

"ನನಗೆ ದಿನವೂ ಹೀಗೆಯೇ," ಎಂದು ಖಡ್ಗ ಬೀಗಿತು.

ಕುಡುಗೋಲು ಬೆರಗಾಗಿ, "ಹಾಗಾದರೆ ತಮಗೆ ಕೆಲಸ ಯಾವತ್ತು?" ಎಂದು ಕೇಳಿತು.

ಖಡ್ಗ ನೂರು ವರ್ಷ ಹಿಂದಕ್ಕೆ ಹೋಗಿ ಹುಡುಕಿದರೂ ಅಂಥ ಒಂದು ದಿನ ಸಿಗಲಿಲ್ಲ.

ಮರುದಿನ ಕುಡುಗೋಲಿನ ಕುಂಕುಮ ಮೊದಲ ಹಿಡಿ ಹುಲ್ಲಿಗೇ ಒರೆಸಿಹೋಯಿತು. ಗಾಜಿನೊಳಗಿನ ಖಡ್ಗ ಮಾತ್ರ ತನ್ನ ಕುಂಕುಮ ಅಳಿಸಿಹೋಗುವುದನ್ನೇ ವರ್ಷವಿಡೀ ಕಾಯಿತು.