ಬೋರಲು ಮರಿಗೆ ಹಳ್ಳ

ಗದಗ ಸೀಮೆಯ ಗುಡ್ಡಗಳ ನಡುವೆ ಮಳೆಗಾಲದಲ್ಲಷ್ಟೇ ತುಂಬಿ ಹರಿಯುವ ಒಂದು ಹಳ್ಳವಿದೆ. ಅದರ ದಂಡೆಯಲ್ಲಿ, ಹುಣಸೆಮರದಿಂದ ತುಸು ಕೆಳಗೆ, ದೋಣಿಯಾಕಾರದ ಕಲ್ಲೊಂದು ಬೆನ್ನು ಮೇಲಾಗಿ ಬಿದ್ದಿದೆ. ಅದರ ಮೇಲೆ ಅಕ್ಷರಗಳಿಲ್ಲ, ಅರಿಶಿನ ಕುಂಕುಮವೂ ಇಲ್ಲ. ಹಳ್ಳಕ್ಕೆ ಬೋರಲು ಮರಿಗೆ ಎಂಬ ಹೆಸರು ಬಂದದ್ದು ಈ ಕಲ್ಲಿನಿಂದ. ನೋಡಲು ಬಂದವರು ಮೊದಲು ಮರಳನ್ನು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡುತ್ತಾರೆ. ಹೊಳೆಯುವುದು ಬಹುಮಟ್ಟಿಗೆ ಕಾಗೆಬಂಗಾರ.

ಹಿಂದೆ ಒಮ್ಮೆ, ಪರಂಗಿಯವರ ಆಳ್ವಿಕೆಯಲ್ಲಿ, ಈ ಗುಡ್ಡಗಳಲ್ಲಿ ಬಂಗಾರವಿದೆಯೆಂಬ ಸುದ್ದಿ ಹಬ್ಬಿ ಎಲ್ಲೆಲ್ಲಿಂದಲೋ ಜನ ಬಂದು ಡೇರೆ ಹೊಡೆದರು ಎನ್ನುತ್ತಾರೆ. ನಮ್ಮ ಹಿರಿಯರಿಗೆ ಅದು ಹೊಸ ಸುದ್ದಿಯಲ್ಲ. ಅವರು ಜಾಲಗಾರರು. ಹಳ್ಳದ ಮರಳನ್ನು ಮರಿಗೆಯೆಂಬ ಮರದ ದೋಣಿಯಂಥ ಪಾತ್ರೆಯಲ್ಲಿ ತೊಳೆದು ಬಂಗಾರದ ಪುಡಿ ತೆಗೆಯುವುದೇ ಅವರ ಕಸುಬು. ಬಳಗಕ್ಕೆ ಹಿರಿಯ ಫಕ್ಕೀರಪ್ಪ, ನನ್ನ ಮುತ್ತಜ್ಜ ದ್ಯಾವಪ್ಪನ ಅಣ್ಣ. ಎಲ್ಲಿ ತೋಡಬೇಕೆಂದು ಅವನೇ ನೋಡಿ ಹೇಳುತ್ತಿದ್ದ. ಅವನ ಮರಿಗೆ ನೀರಿಗಿಳಿಯದೆ ಉಳಿದವರದು ಇಳಿಯುತ್ತಿರಲಿಲ್ಲ. ಇದನ್ನು ತಿಳಿದ ಒಂದು ಕಂಪನಿ, ಅವನು ಜಾಗ ತೋರಿಸಿದರೆ ಇಡೀ ಬಳಗಕ್ಕೆ ವರ್ಷವಿಡೀ ಕೆಲಸ ಕೊಡುವುದಾಗಿ ಹೇಳಿತು. ಅವನು ಒಪ್ಪಿದ. ಅದೇ ವಾರ ಅವನ ಒಬ್ಬಳೇ ಮಗಳು ಕೆಂಚವ್ವ ಜ್ವರದಿಂದ ತೀರಿಕೊಂಡಳು. ತಾಯಿ ಮೊದಲೇ ಇರಲಿಲ್ಲ.

ಸಾವಾದ ಮನೆಯವರು ತಮ್ಮ ಮರಿಗೆಯನ್ನು ದಂಡೆಯ ಮೇಲೆ ಬೋರಲು ಹಾಕುವುದು ಜಾಲಗಾರರ ವಾಡಿಕೆ. ಸೂತಕ ಕಳೆದ ಬೆಳಿಗ್ಗೆ ಆ ಮನೆಯ ಕೂಸೊಂದು ಅದಕ್ಕೆ ಕೈ ಹಚ್ಚಿ ತಿರುವಿ ಅಂಗಾತ ಇಡಬೇಕು. ದೊಡ್ಡವರು ತಿರುವುವಂತಿಲ್ಲ; ತಿರುವುವತನಕ ಅದು ನೀರಿಗಿಳಿಯುವಂತಿಲ್ಲ. ಆ ಬೆಳಿಗ್ಗೆ ಬಳಗವೆಲ್ಲ ದಂಡೆಗೆ ಬಂತು. ಕಂಪನಿಯ ಮೇಸ್ತ್ರಿಯೂ ಬಂದ.

"ಮಣ್ಣು ತೊಳ್ಯಾವ್ರಿಗೂ ಮಡಿ ಮೈಲಿಗಿ ಬಂತೇನಪಾ," ಎಂದು ಮೇಸ್ತ್ರಿ ನಕ್ಕ.

"ಬಂಗಾರ ನಿಮ್ದು, ತೊಗೋರಿ. ಮರಿಗಿ ನಮ್ದು," ಎಂದ ಫಕ್ಕೀರಪ್ಪ.

"ಯಣ್ಣಾ, ತಿರುವಿಸೂನು. ಮಂದಿ ಕಾಯಾಕತ್ತೇತಿ," ಎಂದ ದ್ಯಾವಪ್ಪ.

"ತಿರುವಾಕ ನಮ್ಮನ್ಯಾಗ ಯಾರದಾರ?"

ಇದನ್ನು ಅಲ್ಲಿಯತನಕ ಯಾರೂ ಯೋಚಿಸಿರಲಿಲ್ಲ. ದ್ಯಾವಪ್ಪ ಹೆಂಡತಿಯ ಬಗಲಿನಿಂದ ತನ್ನ ಕೂಸನ್ನು ತೆಗೆದುಕೊಂಡು ಅದರ ಕೈಯನ್ನು ಮರಿಗೆಯ ಬೆನ್ನ ಮೇಲೆ ಇಟ್ಟ. ಫಕ್ಕೀರಪ್ಪ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಬಿಡಿಸಿ, ಕೂಸನ್ನು ತಾಯಿಗೆ ಕೊಟ್ಟ. ಅಣ್ಣತಮ್ಮಂದಿರ ಒಲೆ ಬೇರೆಯಾಗಿ ಬಹಳ ದಿನವಾಗಿತ್ತು.

"ಇದು ನಿಮ್ಮನಿ ಕೂಸು, ತಮ್ಮಾ. ಇದರ ಕೈ ನಿಮ್ಮ ಮರಿಗಿಗೆ ಇರ್ಲಿ. ಬ್ಯಾರೆ ಹಳ್ಳ ಹಿಡೀರಿ."

ಬಳಗ ಮಧ್ಯಾಹ್ನದವರೆಗೆ ಕಾದು ಎದ್ದುಹೋಯಿತು. ಕಂಪನಿಯ ಕೆಲಸ ಅವರ ಕೈತಪ್ಪಿತು. ಆ ವರ್ಷ ಕೆಲವರು ಕೂಲಿಗೆ ಹೋದರು. ಕಂಪನಿ ತನ್ನಷ್ಟಕ್ಕೆ ಅಲ್ಲಲ್ಲಿ ಅಗೆದು, ಹೇಳಿಕೊಳ್ಳುವಂಥದ್ದೇನೂ ಸಿಗದೆ ಡೇರೆ ಕಿತ್ತಿತು. ಫಕ್ಕೀರಪ್ಪ ಇದ್ದಷ್ಟು ಕಾಲ ಊರವರ ಆಡು ಕಾಯ್ದುಕೊಂಡು ಇದೇ ದಂಡೆಯಲ್ಲಿದ್ದ. ಅವನ ನಂತರವೂ ಈ ಹಳ್ಳದ ಮರಳನ್ನು ಯಾರೂ ತೊಳೆದಿಲ್ಲ.

ಆ ಮರಿಗೆಯೇ ಕಲ್ಲಾಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ತಿಳಿದಿರುವುದು ಬೇರೆ. ಮರದ ಮರಿಗೆಯನ್ನು ಗೆದ್ದಲು ತಿಂದಿತು. ಫಕ್ಕೀರಪ್ಪ ಕೈ ಬಿಡಿಸಿದ್ದ ಆ ಕೂಸೇ ಬೆಳೆದು ದೊಡ್ಡವನಾಗಿ, ಅದೇ ಅಳತೆಯ ಕಲ್ಲಿನ ಮರಿಗೆ ಕಡೆಸಿ, ಚಕ್ಕಡಿಯಲ್ಲಿ ತಂದು, ಅದೇ ಜಾಗದಲ್ಲಿ ಬೋರಲು ಹಾಕಿದ. ಅವನು ನನ್ನ ಅಜ್ಜ.

ಈಗಲೂ ನೋಡಬಂದವರಲ್ಲಿ ಒಬ್ಬಿಬ್ಬರು ಕಲ್ಲಿನ ಅಂಚಿಗೆ ಬೆರಳು ತೂರಿಸಿ ಎತ್ತಲು ನೋಡುತ್ತಾರೆ. ಅದು ಅಲುಗುವುದಿಲ್ಲ. ಮರದ ಮರಿಗೆ ಹೇಗಿರುತ್ತಿತ್ತೆಂದು ಕೇಳಿದವರನ್ನು ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಅಜ್ಜನ ಮರಿಗೆ ಪಡಸಾಲೆಯಲ್ಲಿದೆ. ಕಳೆದ ಕಾರ್ತಿಕದಿಂದ ಅದು ಬೋರಲಾಗಿದೆ. ತಿರುವಿ ಇಡಲು ನಮ್ಮ ಮನೆಯಲ್ಲೂ ಇದ್ದದ್ದು ಒಂದೇ ಕೂಸು.